ಸಾಸಿವೆಕಾಳಿನಷ್ಟು ಕಳ್ಳ

ನಡುರಾತ್ರಿ ಸೈರನ್. ಬಾಗಿಲು ಭದ್ರ, ಒಳಗೆ ನರಪಿಳ್ಳೆ ಇಲ್ಲ. ಬೆಳಿಗ್ಗೆ ಮೋಷನ್ ಸೆನ್ಸರ್ ಬಿಚ್ಚಿದರೆ ಲೆನ್ಸಿನ ಹಿಂದೆ ಒಂದು ಪುಟಾಣಿ ಜೇಡ!

ಈ ಪಿಐಆರ್ (ಪ್ಯಾಸಿವ್ ಇನ್‌ಫ್ರಾರೆಡ್) ಸೆನ್ಸರ್ ನೋಡೋದು ಆಕಾರವನ್ನಲ್ಲ, ಶಾಖದ ಏರಿಳಿತವನ್ನ. ಆ ಬಿಳಿ ಲೆನ್ಸು ಕೋಣೆಯನ್ನ ಬೀಸಣಿಗೆ ಮಡಿಕೆಯ ಹಾಗೆ ಪಟ್ಟಿ ಪಟ್ಟಿ ಮಾಡಿಕೊಂಡಿರುತ್ತೆ. ಬಿಸಿ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿತೋ, ಕೂಗು. ಕಣ್ಣಿನ ಮೇಲೇ ಓಡಾಡೋ ಜೇಡ ಅದಕ್ಕೆ ಆಳೆತ್ತರದ ಮನುಷ್ಯ.

ಮೊದಲು ಪ್ಯಾನಲ್ಲನ್ನ, ಅಂದರೆ ಅಲಾರಂನ ಕಂಟ್ರೋಲ್ ಪೆಟ್ಟಿಗೆಯನ್ನ, ರಿಪೇರಿಗೆಂದೇ ಇರೋ ಸರ್ವಿಸ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಮುಚ್ಚಳ ತೆಗೆದ ಕೂಡಲೇ ಟ್ಯಾಂಪರ್ (ಯಾರಾದರೂ ಬಿಚ್ಚಿದರೆ ಹಿಡಿಯೋ ಸ್ವಿಚ್ಚು) ಅರಚುತ್ತೆ. ಒಣ ಬ್ರಷ್ಷಿನಲ್ಲಿ ಬಲೆ ತೆಗೀರಿ. ಒಳಗೆ ಶಾಖ ಗುರುತಿಸೋ ಭಾಗದ ಪುಟ್ಟ ಕಿಟಕಿಗೆ ಬೆರಳು ತಾಗಿಸಬೇಡಿ. ಹಿಂಬದಿಯ ಸ್ಕ್ರೂ ತೂತುಗಳಿಗೆ ಸಿಲಿಕೋನ್ ಮೆತ್ತಿ, ಜೇಡ ಬಂದ ದಾರಿ ಅದೇ.

ದಿನಾ ಒಂದೇ ಹೊತ್ತಿಗೆ ಕೂಗಿದರೆ ಜೇಡವಲ್ಲ, ಬಿಸಿಲು ಅಥವಾ ಎಸಿ ಗಾಳಿ. ಪ್ಯಾನಲ್ಲಿನ ಲಾಗ್ (ಯಾವಾಗ ಕೂಗಿತು ಅನ್ನೋ ದಾಖಲೆ) ನೋಡಿ, ಸೆನ್ಸರ್ ಮುಖ ತಿರುಗಿಸಿ. ಸೆನ್ಸಿಟಿವಿಟಿ ಇಳಿಸೋದು ಕಟ್ಟಕಡೆಗೆ. ಎಲ್ಲರೂ ಅದನ್ನೇ ಮೊದಲು ಮಾಡ್ತಾರೆ, ಏನ್ ಹೇಳೋದು!

ಆಮೇಲೆ ವಾಕ್ ಟೆಸ್ಟ್, ಅಂದರೆ ಕೋಣೆಯಲ್ಲಿ ಓಡಾಡಿ ಸೆನ್ಸರ್ ಹಿಡಿಯುತ್ತಾ ಅಂತ ನೋಡೋದು. ಆ ಮೋಡ್ ಇಲ್ಲದಿದ್ದರೆ ಮೂರ್ನಾಲ್ಕು ನಿಮಿಷ ಕೋಣೆಯಿಂದ ಆಚೆ ಇದ್ದು ಬನ್ನಿ. ಬ್ಯಾಟರಿ ಉಳಿಸೋಕೆ ವೈರ್‌ಲೆಸ್ ಸೆನ್ಸರ್ ಒಮ್ಮೆ ಕೂಗಿ ಸ್ವಲ್ಪ ಹೊತ್ತು ಮಲಗಿಬಿಡುತ್ತೆ. ಅದರ ಮುಂದೆ ಕೈ ಬೀಸ್ತಾ ನಿಂತರೆ ಏಳೋದೇ ಇಲ್ಲ.