ಕಡಕ್ ರೊಟ್ಟಿ ತಿನ್ನಲಾಗದ ಹುಡುಗ

ಗದಗದಲ್ಲಿ ಹಲ್ಲಿನ ಡಾಕ್ಟರ್ ಆಗಿ ಕೂತರೆ ಹಲ್ಲಿಗಿಂತ ರೊಟ್ಟಿಯ ಮಾತೇ ಜಾಸ್ತಿ. ಯಾರ ಹಲ್ಲು ಹೋದರೂ ಮೊದಲ ಪ್ರಶ್ನೆ, "ಕಡಕ್ ರೊಟ್ಟಿ ತಿನ್ನಾಕ ಬರ್ತದೇನ್ರೀ?"

ಹೋದ ಬೇಸಿಗೆಯಲ್ಲಿ ರೋಣದ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಬಾಯಲ್ಲಿ ನಾಲ್ಕಾರು ಹಲ್ಲು, ಅವೂ ತುದಿ ಚೂಪಾದವು. ಕೂದಲು ತೆಳು, ನಾಲಿಗೆ ಒಣ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಕೊಟ್ಟರೆ ಮಾತ್ರ ಇಳಿಯುತ್ತಿತ್ತು. "ಇವಗ ಬೆವರ ಬರಂಗಿಲ್ರೀ, ಬಿಸಿಲಾಗ ಮೈ ಕೆಂಡ ಆಗ್ತದ" ಎಂದರು ತಾಯಿ.

ಇದಕ್ಕೆ ಎಕ್ಟೋಡರ್ಮಲ್ ಡಿಸ್ಪ್ಲೇಸಿಯಾ ಎನ್ನುತ್ತಾರೆ. ಹಲ್ಲು, ಕೂದಲು, ಬೆವರಿನ ಗ್ರಂಥಿ, ಜೊಲ್ಲಿನ ಗ್ರಂಥಿ, ಎಲ್ಲಕ್ಕೂ ಒಟ್ಟಿಗೇ ಪೆಟ್ಟು. ಸಿಂಧ್ ಪ್ರಾಂತ್ಯದ ಇಂಥ ಒಂದು ಕುಟುಂಬದ ಬಗ್ಗೆ ಡಾರ್ವಿನ್ 1875ರಲ್ಲೇ ಬರೆದಿದ್ದ. ನಾಲ್ಕು ತಲೆಮಾರಿನಲ್ಲಿ ಹತ್ತು ಗಂಡಸರಿಗೆ ಹೀಗೇ ಆಗಿತ್ತಂತೆ. ಹೆಣ್ಣುಮಕ್ಕಳಿಗೆ ಆಗಿರಲಿಲ್ಲ, ಆದರೆ ಅವರ ಗಂಡುಮಕ್ಕಳಿಗೆ ದಾಟಿಸುತ್ತಿದ್ದರು.

ಜೊಲ್ಲಿನ ಗ್ರಂಥಿ ಹುಟ್ಟುವುದು ಬಸಿರಿನ ಆರರಿಂದ ಎಂಟನೇ ವಾರದೊಳಗೆ. ಬಾಯಿಯ ಒಳಪದರ ಒಂದು ಕಡೆ ದಪ್ಪವಾಗಿ, ಕೆಳಗಿನ ಮೆತ್ತನೆಯ ಅಂಗಾಂಶದೊಳಕ್ಕೆ ಮೊಗ್ಗಿನಂತೆ ಇಳಿಯುತ್ತದೆ. ಆದರೆ ಮೊಗ್ಗು ತಾನಾಗಿಯೇ ಬೆಳೆಯುವುದಿಲ್ಲ. ಇಲಿಗಳಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಕೆಳಗಿನ ಅಂಗಾಂಶ ಎಫ್‌ಜಿಎಫ್-10 ಎಂಬ ಪ್ರೋಟೀನನ್ನು ಸಂಕೇತವಾಗಿ ಬಿಡುತ್ತದೆ. ಮೊಗ್ಗಿನ ಕೋಶಗಳ ಮೇಲಿನ ರಿಸೆಪ್ಟರ್ ಅದನ್ನು ಹಿಡಿದಾಗ ಮೊಗ್ಗು ಬೆಳೆಯುತ್ತದೆ. ಆಮೇಲೆ ಅದರಲ್ಲಿ ಸೀಳು ಬೀಳುತ್ತವೆ. ಆ ಸೀಳಿನಲ್ಲಿ ಫೈಬ್ರೊನೆಕ್ಟಿನ್ ಎಂಬ ಅಂಟಿನಂಥ ಪ್ರೋಟೀನ್ ಸೇರಿಕೊಂಡು ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಎಫ್‌ಜಿಎಫ್-10 ಪೂರ್ತಿ ಇಲ್ಲದ ಇಲಿಗೆ ಗ್ರಂಥಿಯೇ ಇರುವುದಿಲ್ಲ. ಮನುಷ್ಯರಲ್ಲಿ ಆ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಕಣ್ಣೀರು ಮತ್ತು ಜೊಲ್ಲು ಎರಡರ ಗ್ರಂಥಿಗೂ ಕುತ್ತು. ಇದು ಗೊತ್ತಾಗಿದ್ದು 2005ರಲ್ಲಿ. ಅರ್ಧ ಪ್ರೋಟೀನ್ ಇದ್ದರೂ ಕೆಲಸ ನಡೆಯಲಿಲ್ಲ, ನೋಡಿ!

ನಮ್ಮ ಹುಡುಗನಂಥವರಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಇನ್ನೊಂದು ಸಂಕೇತ, ಇಡಿಎ ಎಂಬ ಪ್ರೋಟೀನ್. ಅದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಗಂಡುಮಕ್ಕಳಿಗೆ ಎಕ್ಸ್ ಒಂದೇ, ಅದಕ್ಕೇ ಅವರಿಗೆ ತೊಂದರೆ ಜಾಸ್ತಿ. ಇಡಿಎ ಇಲ್ಲದ ಇಲಿಗಳಲ್ಲಿ ಗ್ರಂಥಿ ಇರುತ್ತದೆ, ಆದರೆ ಚಿಕ್ಕದು, ಕವಲು ಕಡಿಮೆ.

"ಹಂಗಾರ ಆ ಪ್ರೋಟೀನ್ ಈಗ ಕೊಡ್ರಲಾ" ಎಂದರು ತಾಯಿ. ಸರಿಯಾದ ಪ್ರಶ್ನೆಯೇ. ಹುಟ್ಟಿದ ಮೇಲೆ ಶಿಶುಗಳಿಗೆ ಕೊಟ್ಟು ನೋಡಿದ್ದಾರೆ, ಗುಣ ಕಾಣಲಿಲ್ಲ. ಆದರೆ ಜರ್ಮನಿಯ ವೈದ್ಯರು ಮೂರು ಗಂಡು ಕೂಸುಗಳಿಗೆ ಹುಟ್ಟುವ ಮೊದಲೇ ಗರ್ಭದ ನೀರಿಗೆ ಅದನ್ನು ಚುಚ್ಚಿದರು. ಆ ಮಕ್ಕಳು ಚೆನ್ನಾಗಿ ಬೆವರುತ್ತಿದ್ದಾರೆಂದು 2018ರಲ್ಲಿ ಪ್ರಕಟಿಸಿದರು. ಅದೇ ಪ್ರೋಟೀನ್, ಹೊತ್ತು ಬೇರೆ. ಇದನ್ನು ತಾಯಿಗೆ ಹೇಳುವುದು ಸುಲಭ ಇರಲಿಲ್ಲ.

ನನ್ನ ಕೈಲಾದದ್ದು ಚಿಕ್ಕ ಹಲ್ಲಿನ ಸೆಟ್ಟು, ಹುಳುಕು ಹಿಡಿಯದಂತೆ ಫ್ಲೋರೈಡ್, ಶಾಲೆಗೆ ಯಾವಾಗಲೂ ನೀರಿನ ಬಾಟಲಿ, ಬಿಸಿಲಲ್ಲಿ ಒದ್ದೆ ಬನಿಯನ್. ಹೊರಡುವಾಗ ತಾಯಿ ಬಾಗಿಲಲ್ಲಿ ನಿಂತು, "ನಮ್ಮ ತಂಗಿ ಲಗ್ನ ಗೊತ್ತಾಗೇದ, ಆಕಿಗೂ ಪರೀಕ್ಷೆ ಮಾಡ್ಸಬೇಕೇನ್ರೀ?" ಎಂದರು. ಜೀನ್ ಪರೀಕ್ಷೆ ಮಾಡಿಸಿ ಎಂದೆ, ಆದರೆ ಮೊದಲು ನಿಮ್ಮದು ಮತ್ತು ಹುಡುಗನದು, ಆಮೇಲೆ ನಿಮ್ಮ ಅವ್ವಂದು. ಹುಬ್ಬಳ್ಳಿಯಲ್ಲಿ ಯಾರನ್ನು ಕಾಣಬೇಕೆಂದು ಚೀಟಿ ಬರೆದುಕೊಟ್ಟೆ.