ಕೆನ್ಯಾ ಪರ್ವತದ ತುದಿ ಮುಟ್ಟಿದಿರಾ?

"ತುದಿ ಮುಟ್ಟಿದಿರಾ?" ಕೆನ್ಯಾ ಪರ್ವತಕ್ಕೆ ಹೋಗಿ ಬಂದವನು ಎಂದು ತಿಳಿದ ಕೂಡಲೇ ಜನ ನನ್ನನ್ನು ಕೇಳುವುದು ಇದೊಂದನ್ನೇ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳಿದ್ದಾರೆ, ಬಾಡಿಗೆಯ ಮಾತಿಗೆ ಬಂದ ಮನೆ ಮಾಲೀಕರು ಕೇಳಿದ್ದಾರೆ, ರಾಮನಗರದ ಬಂಡೆಗಳ ಬುಡದಲ್ಲಿ ಹಗ್ಗ ಸುತ್ತುತ್ತ ಕುಳಿತ ಹುಡುಗರೂ ಕೇಳಿದ್ದಾರೆ. ನಾನು ಅಲ್ಲಿಗೆ ಎರಡು ಬಾರಿ ಹೋಗಿದ್ದೇನೆ. ಒಮ್ಮೆ ಚಾರಣಿಗನಾಗಿ, ಇನ್ನೊಮ್ಮೆ ಹಗ್ಗ ಕಟ್ಟಿಕೊಂಡು ಬಂಡೆ ಏರುವವನಾಗಿ. ಆದರೂ ಹೌದು ಎಂದುಬಿಡಲು ನಾಲಿಗೆ ಏಳುವುದಿಲ್ಲ, ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ನಿಂತಲ್ಲೇ ಹೇಳಿ ಮುಗಿಸಲಾಗದ ಆ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ತೊಡಕು ಇರುವುದು ತುದಿ ಎಂಬ ಮಾತಿನಲ್ಲೇ. ಈ ಪರ್ವತದ ಮೇಲೆ ಬಟಿಯಾನ್ ಎಂಬ ಶಿಖರ 5,199 ಮೀಟರ್, ಅದಕ್ಕೆ ಅಂಟಿಕೊಂಡಂತಿರುವ ನೆಲಿಯಾನ್ 5,188 ಮೀಟರ್, ತುಸು ದೂರದಲ್ಲಿ ತಗ್ಗಾಗಿ ನಿಂತ ಲೆನಾನಾ 4,985 ಮೀಟರ್. ಆಫ್ರಿಕಾದಲ್ಲಿ ಕಿಲಿಮಂಜಾರೋ ಬಿಟ್ಟರೆ ಇದೇ ಎತ್ತರದ ಪರ್ವತ ಎನ್ನುವಾಗ ಲೆಕ್ಕಕ್ಕೆ ಬರುವುದು ಬಟಿಯಾನ್. ಹೋದವರಲ್ಲಿ ಬಹುಪಾಲು ಜನ ನಿಂತು ಫೋಟೋ ತೆಗೆಸಿಕೊಳ್ಳುವುದು ಮಾತ್ರ ಲೆನಾನಾದ ಮೇಲೆ. ಮೂರೂ ಮಾಸಾಯಿ ಜನಾಂಗದ ಲೈಬೋನ್‌ಗಳ, ಅಂದರೆ ಅವರ ಧರ್ಮಗುರುಗಳ ಹೆಸರುಗಳು. ಇಟ್ಟವನು 1899ರಲ್ಲಿ ಮೊದಲ ಬಾರಿಗೆ ಬಟಿಯಾನ್ ಏರಿದ ಇಂಗ್ಲೆಂಡಿನ ಭೂಗೋಳಶಾಸ್ತ್ರಜ್ಞ ಹಾಲ್‌ಫೋರ್ಡ್ ಮ್ಯಾಕಿಂಡರ್. ತಪ್ಪಲಿನ ಕಿಕುಯು ಜನರಿಗಾದರೋ ಇಡೀ ಪರ್ವತ ಕಿರಿನ್ಯಾಗಾ, ಅವರ ದೇವರು ಎನ್‌ಗಾಯ್ ನೆಲೆಸಿದ ಜಾಗ. ಹಿಂದೆ ಮನೆ ಕಟ್ಟುವಾಗ ಬಾಗಿಲನ್ನು ಅದರ ಕಡೆಗೇ ಇಡುತ್ತಿದ್ದರು.

ಅತಿ ಎತ್ತರದ ಎರಡು ಶಿಖರಗಳನ್ನು ಬಿಟ್ಟು ಜನ ಮೂರನೆಯದಕ್ಕೆ ಏಕೆ ಹೋಗುತ್ತಾರೆ ಎಂಬುದು ಪರ್ವತದ ಹುಟ್ಟಿಗೆ ಸಂಬಂಧಿಸಿದ ಸಂಗತಿ. ಇದು ಲಕ್ಷಾಂತರ ವರ್ಷಗಳ ಹಿಂದೆಯೇ ಆರಿಹೋದ ಜ್ವಾಲಾಮುಖಿ. ಕಿಲಿಮಂಜಾರೋ ಇದಕ್ಕಿಂತ ಎಳೆಯದು. ಅದರ ಬಾಯಿಯ ಅಂಚು ಇನ್ನೂ ಉಳಿದಿರುವುದರಿಂದ ಆ ಅಂಚಿನ ಮೇಲೆ ನಡೆಯುತ್ತಲೇ 5,895 ಮೀಟರಿನ ತುತ್ತತುದಿಯನ್ನು ತಲುಪಬಹುದು. ಕೆನ್ಯಾ ಪರ್ವತದಲ್ಲಾದರೆ ಹಿಮನದಿಗಳು ಬಾಯನ್ನೂ ಅದರ ಸುತ್ತಲಿನ ಗೋಡೆಯನ್ನೂ ಕೊರೆದು ಸವೆಸಿಬಿಟ್ಟಿವೆ, ಗಂಟಲಲ್ಲಿ ಹೆಪ್ಪುಗಟ್ಟಿದ ಶಿಲಾರಸದ ಗಟ್ಟಿ ಬೆಣೆ ಮಾತ್ರ ನಿಂತಿದೆ. ಮಾವಿನ ತಿರುಳೆಲ್ಲ ಹೋಗಿ ಓಟೆ ಉಳಿದಂತೆ. ಬಟಿಯಾನ್ ಮತ್ತು ನೆಲಿಯಾನ್ ಆ ಓಟೆಯ ಎರಡು ತುದಿಗಳು. ಅವುಗಳಿಗೆ ಯಾವ ದಿಕ್ಕಿನಿಂದಲೂ ನಡೆದು ಹೋಗುವ ದಾರಿಯಿಲ್ಲ.

ಮೊದಲ ಬಾರಿ ನಾನು ಹೋದದ್ದು ನಡೆಯಲಿಕ್ಕೆ. ಪರ್ವತವಿರುವ ರಾಷ್ಟ್ರೀಯ ಉದ್ಯಾನದ ಒಳಗೆ ಒಂಟಿಯಾಗಿ ಬಿಡುವುದಿಲ್ಲ, ಗೈಡ್ ಇರಲೇಬೇಕು. ನಮ್ಮ ನಾಲ್ವರ ಗುಂಪಿಗೆ ಒಬ್ಬ ಗೈಡ್, ಒಬ್ಬ ಅಡುಗೆಯವ, ಹೊರೆ ಹೊರುವ ಪೋರ್ಟರುಗಳು ಇದ್ದರು. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದವನೆಂಬ ಹಮ್ಮು ನನ್ನದು, ಆದ್ದರಿಂದ ಐದು ದಿನಗಳ ಯೋಜನೆಯನ್ನು ನೋಡಿ, ನಾಲ್ಕು ದಿನಗಳ ಕೆಲಸವನ್ನು ದುಡ್ಡಿಗಾಗಿ ಎಳೆದಿದ್ದಾರೆ ಎಂದೇ ಎಣಿಸಿದ್ದೆ. ನೈರೋಬಿ ನಗರವೇ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಕುದುರೆಮುಖದ ನೆತ್ತಿಗೆ ನೂರು ಮೀಟರಿನಷ್ಟೇ ಕಡಿಮೆ. ಸಿರಿಮಾನ್ ದ್ವಾರದಲ್ಲಿ ವಾಹನದಿಂದ ಇಳಿದಾಗ ನಾವು 2,650 ಮೀಟರಿನಲ್ಲಿದ್ದೆವು. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಗಿಂತ 700 ಮೀಟರ್ ಮೇಲೆ, ಒಂದು ಹೆಜ್ಜೆಯನ್ನೂ ಹತ್ತದೆ! ಈ ಪರ್ವತದ ಅಪಾಯವೇ ಈ ಸಲೀಸು. ಬೆಳಿಗ್ಗೆ ನಗರದಲ್ಲಿ ಕಾಫಿ ಕುಡಿದವರು ಸಂಜೆಗೆ 3,300 ಮೀಟರಿನ ಓಲ್ಡ್ ಮೋಸೆಸ್ ಶಿಬಿರದಲ್ಲಿ ಇರುತ್ತಾರೆ, ಮರುದಿನ ಮ್ಯಾಕಿಂಡರ್ ಕಣಿವೆಯನ್ನು ಹಿಡಿದು 4,200 ಮೀಟರಿನ ಶಿಪ್ಟನ್ ಶಿಬಿರಕ್ಕೆ ಬಂದುಬಿಡುತ್ತಾರೆ. ಕಾಲು ಒಪ್ಪುತ್ತದೆ, ರಕ್ತ ಒಪ್ಪುವುದಿಲ್ಲ. ಐದು ಸಾವಿರ ಮೀಟರಿನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚಷ್ಟೇ, ಅದಕ್ಕೆ ಮೈ ಹೊಂದಿಕೊಳ್ಳಲು ದಿನಗಳೇ ಬೇಕು, ಗಟ್ಟಿ ಕಾಲುಗಳಿಂದ ಆ ದಿನಗಳು ಕಡಿಮೆಯಾಗುವುದಿಲ್ಲ.

ನಮ್ಮ ಗೈಡ್ ಎಲ್ಲರಿಗಿಂತ ಮುಂದೆ, ದೇವರ ಉತ್ಸವಕ್ಕೆ ಹೊರಟವನ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆಯುತ್ತಿದ್ದ. ಯಾರಾದರೂ ಅವನನ್ನು ದಾಟಲು ನೋಡಿದರೆ "ಪೋಲೆ ಪೋಲೆ" ಎನ್ನುತ್ತಿದ್ದ. ಸ್ವಾಹಿಲಿಯಲ್ಲಿ ಮೆಲ್ಲಗೆ, ಮೆಲ್ಲಗೆ ಎಂದರ್ಥ. ಮೂರನೆಯ ದಿನ ಶಿಪ್ಟನ್ ಶಿಬಿರದಲ್ಲೇ ಉಳಿದು, ಎದುರಿನ ಕಣಿವೆಬಾಯಿಯವರೆಗೆ ಹತ್ತಿ ಮತ್ತೆ ಅಲ್ಲಿಗೇ ಇಳಿದು ಮಲಗಬೇಕೆಂದು ಅವನು ಹೇಳಿದಾಗ ನಾನು ಗೊಣಗಿದೆ. ಅದೇ ರಾತ್ರಿ, ಆ ದಿನವನ್ನು ಉಳಿಸಿಕೊಳ್ಳಲು ಹೋದ ಬೇರೊಂದು ಗುಂಪಿನ ಯುವಕನೊಬ್ಬನನ್ನು ಇಬ್ಬರು ತೋಳು ಹಿಡಿದು ಕೆಳಗೆ ಕರೆತಂದರು. ವಾಂತಿ ಮಾಡಿಕೊಳ್ಳುತ್ತಿದ್ದ, ತನ್ನ ಬೂಟಿನ ದಾರವನ್ನು ತಾನೇ ಬಿಚ್ಚಲಾರದಷ್ಟು ಮಂಕಾಗಿದ್ದ. ಅವನನ್ನು ಆ ಕತ್ತಲಲ್ಲೇ ಇನ್ನೂ ಕೆಳಗೆ ಇಳಿಸಿದರು, ಏಕೆಂದರೆ ಎತ್ತರದಿಂದ ಬರುವ ಈ ಕಾಯಿಲೆಗೆ ಇಳಿಯುವುದೇ ಮದ್ದು. ನನ್ನ ಗೊಣಗಾಟ ಅಲ್ಲಿಗೆ ನಿಂತಿತು.

ಆ ಹೆಚ್ಚಿನ ದಿನದಿಂದ ಇನ್ನೊಂದು ಲಾಭವೂ ಆಯಿತು, ಗಿಡಗಳನ್ನು ನೋಡಲು ಬಿಡುವು ಸಿಕ್ಕಿತು. ಭೂಮಧ್ಯರೇಖೆಗೆ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲದ ಈ ಕಣಿವೆಯಲ್ಲಿ ಹಗಲು ಬಿಸಿಲು ಸುಡುತ್ತದೆ, ಇರುಳು ನೀರು ಹೆಪ್ಪುಗಟ್ಟುತ್ತದೆ, ವರ್ಷದ ಎಲ್ಲ ದಿನಗಳಲ್ಲೂ ಹೀಗೇ. ಲೊಬೇಲಿಯಾ ಎಂಬ ಗಿಡ ಎಲೆಕೋಸಿನಂತೆ ಹರಡಿದ ತನ್ನ ಎಲೆಗಳ ಬಟ್ಟಲಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಇರುಳಲ್ಲಿ ಮೇಲೆ ಮಂಜುಗಡ್ಡೆಯ ಬಿಲ್ಲೆಯಾದರೂ ಅಡಿಯ ನೀರು ಹೆಪ್ಪುಗಟ್ಟದೆ ಕುಡಿಯನ್ನು ಕಾಯುತ್ತದೆ. ಆಳೆತ್ತರ ಮೀರಿ ಬೆಳೆಯುವ ಸೆನೀಸಿಯೋ ಮರ ಒಣಗಿದ ಎಲೆಗಳನ್ನು ಉದುರಿಸದೆ ಕಾಂಡಕ್ಕೆ ಕಂಬಳಿಯಂತೆ ಸುತ್ತಿಕೊಂಡಿರುತ್ತದೆ. ಬೆಳಿಗ್ಗೆ ನಾನು ಬೆರಳಿನಿಂದ ಒಂದು ಲೊಬೇಲಿಯಾದ ಬಿಲ್ಲೆಯನ್ನು ಒಡೆದು ನೋಡಿದೆ. ಗೈಡ್ ನನ್ನನ್ನು ಗದರಿದ, ಗದರಿದ್ದು ಸರಿ.

ನಾಲ್ಕನೆಯ ದಿನ ನಡುರಾತ್ರಿ ಕಳೆದು ಎರಡೂವರೆಗೆ ಹೊರಟು, ಸಡಿಲ ಜಲ್ಲಿಯ ಏರನ್ನು ತಲೆದೀಪದ ಬೆಳಕಲ್ಲಿ ಹತ್ತಿ, ಬೆಳಕು ಹರಿಯುವ ಹೊತ್ತಿಗೆ ಲೆನಾನಾದ ಮೇಲೆ ನಿಂತೆವು. ಮುನ್ನೂರು ಕಿಲೋಮೀಟರಿಗೂ ಆಚೆ ದಕ್ಷಿಣದಲ್ಲಿ ಕಿಲಿಮಂಜಾರೋ ಕಂಡೂ ಕಾಣದಂತೆ ತೇಲುತ್ತಿತ್ತು. ಕಾಲ ಬುಡದಲ್ಲಿ ಲೂಯಿಸ್ ಹಿಮನದಿ, ನದಿ ಎನ್ನಲು ಸಂಕೋಚವಾಗುವಷ್ಟು ಸವೆದ ಬೂದು ಮಂಜಿನ ಹಾಸು. ಅದರ ಪಕ್ಕದ ಗ್ರೆಗರಿ ಹಿಮನದಿ ಈಗ ಇಲ್ಲವೇ ಇಲ್ಲ. ಎಲ್ಲರೂ ಅಪ್ಪಿಕೊಂಡರು, ನಾನೂ ಅಪ್ಪಿಕೊಂಡೆ. ಆದರೆ ತುದಿಯಲ್ಲಿ ನಿಂತವನು ಕತ್ತೆತ್ತಿ ನೋಡಬಾರದು, ನಾನು ನೋಡಬೇಕಾಯಿತು. ಎದುರಿಗೇ ನೆಲಿಯಾನ್, ಅದರ ಹಿಂದೆ ಬಟಿಯಾನ್, ನಮಗಿಂತ ಇನ್ನೂರು ಮೀಟರ್ ಎತ್ತರಕ್ಕೆ ಕಪ್ಪು ಗೋಡೆಯಾಗಿ ನಿಂತಿದ್ದವು.

ಲೆನಾನಾವನ್ನು ಕೀಳು ಮಾಡಿ ಈ ಮಾತು ಹೇಳುತ್ತಿಲ್ಲ. 1943ರಲ್ಲಿ ನ್ಯಾನ್ಯುಕಿಯ ಬ್ರಿಟಿಷ್ ಸೆರೆಶಿಬಿರದಲ್ಲಿದ್ದ ಫೆಲಿಚೆ ಬೆನುಟ್ಸಿ ಎಂಬ ಇಟಲಿಯವನು, ಬೇಲಿಯಾಚೆ ದಿನವೂ ಕಾಣುತ್ತಿದ್ದ ಈ ಪರ್ವತದ ಹಂಬಲ ತಾಳಲಾರದೆ ಇಬ್ಬರು ಗೆಳೆಯರೊಂದಿಗೆ ತಪ್ಪಿಸಿಕೊಂಡು, ಶಿಬಿರದಲ್ಲೇ ಗುಟ್ಟಾಗಿ ಮಾಡಿದ ಸಲಕರಣೆಗಳನ್ನು ಹೊತ್ತು ಹತ್ತಿದ. ಭೂಪಟ ಇರಲಿಲ್ಲ, ಆಹಾರದ ಡಬ್ಬಿಯೊಂದರ ಮೇಲಿನ ಪರ್ವತದ ಚಿತ್ರವೇ ಅವರಿಗೆ ಆಧಾರವಾಗಿತ್ತು. ಬಟಿಯಾನ್ ಏರಲು ನೋಡಿ ಸೋತರು, ಲೆನಾನಾದ ಮೇಲೆ ತಮ್ಮ ದೇಶದ ಧ್ವಜವನ್ನು ನಿಲ್ಲಿಸಿದರು, ಆಮೇಲೆ ತಾವಾಗಿಯೇ ಸೆರೆಶಿಬಿರಕ್ಕೆ ಮರಳಿ ಶಿಕ್ಷೆ ಅನುಭವಿಸಿದರು. ಅವರನ್ನು ಯಾರಾದರೂ "ತುದಿ ಮುಟ್ಟಿದಿರಾ" ಎಂದು ಕೇಳಿದ್ದರೆ ಏನು ಹೇಳುತ್ತಿದ್ದರೋ!

ಎರಡನೆಯ ಬಾರಿ, ಎರಡು ವರ್ಷ ಕಳೆದು, ನೆಲಿಯಾನ್‌ಗೆಂದೇ ಹೋದೆ. ಇಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ, ಸಾಮಾನ್ಯವಾಗಿ ಸ್ವಲ್ಪ ವ್ಯಂಗ್ಯದಿಂದ: ಗೈಡ್ ಕರೆದುಕೊಂಡು ಹೋದರೆ ಅದೇನು ಹತ್ತಿದ ಹಾಗೆ? ಮೊದಲು ಏರಿದ ಮ್ಯಾಕಿಂಡರನೇ ಆಲ್ಪ್ಸ್ ತಪ್ಪಲಿನ ಕುರ್ಮಾಯೋರ್‌ನಿಂದ ಸೀಸರ್ ಒಲಿಯೇ ಎಂಬ ಗೈಡನ್ನೂ ಜೋಸೆಫ್ ಬ್ರೋಷೆರೆಲ್ ಎಂಬ ಪೋರ್ಟರನ್ನೂ ಕರೆತಂದಿದ್ದ, ಮೂವರೂ ಒಟ್ಟಿಗೆ ತುದಿಯಲ್ಲಿ ನಿಂತರು ಎಂಬುದಷ್ಟೇ ನನ್ನ ಉತ್ತರ. ಅವರ ನಂತರ ಇನ್ನೊಬ್ಬರು ಅಲ್ಲಿಗೆ ತಲುಪಲು ಮೂವತ್ತು ವರ್ಷ ಹಿಡಿಯಿತು. 1929ರಲ್ಲಿ ಎರಿಕ್ ಶಿಪ್ಟನ್ ಮತ್ತು ಪರ್ಸಿ ವಿನ್ ಹ್ಯಾರಿಸ್ ಮೊದಲು ನೆಲಿಯಾನ್ ಏರಿ ಅಲ್ಲಿಂದ ಬಟಿಯಾನ್‌ಗೆ ದಾಟಿದರು. ಇಂದಿಗೂ ನೆಲಿಯಾನ್‌ಗೆ ಹೋಗುವವರು ಬಹುಮಟ್ಟಿಗೆ ಅವರ ದಾರಿಯನ್ನೇ ಹಿಡಿಯುತ್ತಾರೆ. ಎರಡು ಶಿಖರಗಳ ನಡುವೆ ಎತ್ತರದ ಅಂತರ ಹನ್ನೊಂದೇ ಮೀಟರ್, ಆದರೆ ನಡುವಿನ ಗೇಟ್ ಆಫ್ ದಿ ಮಿಸ್ಟ್ಸ್ ಎಂಬ ಕಿಂಡಿಗೆ ಹಗ್ಗದಲ್ಲಿ ಇಳಿದು ಮತ್ತೆ ಏರಿ ವಾಪಸಾಗಲು ಗಂಟೆಗಟ್ಟಲೆ ಬೇಕು.

ಋತುವಿನ ಲೆಕ್ಕವೂ ಇಲ್ಲಿ ವಿಚಿತ್ರ. ಭೂಮಧ್ಯರೇಖೆಯ ಮೇಲಿನ ಪರ್ವತವಾದ್ದರಿಂದ ಸೂರ್ಯ ಅರ್ಧ ವರ್ಷ ದಕ್ಷಿಣದ ಮುಖವನ್ನೂ ಅರ್ಧ ವರ್ಷ ಉತ್ತರದ ಮುಖವನ್ನೂ ಕಾಯಿಸುತ್ತಾನೆ. ಒಂದು ಕಡೆ ಬಂಡೆ ಒಣಗಿ ಬೆಚ್ಚಗಿರುವಾಗ ಇನ್ನೊಂದು ಕಡೆ ಮಂಜು ಕಟ್ಟಿರುತ್ತದೆ. ನಾವು ಆಗ್ನೇಯದ ಗೋಡೆಯನ್ನು ಏರಬೇಕಿದ್ದರಿಂದ ಜನವರಿ ಕೊನೆಯನ್ನು ಆರಿಸಿಕೊಂಡೆವು. ಹಿಂದಿನ ರಾತ್ರಿ ಮಲಗಿದ್ದು 4,790 ಮೀಟರಿನ ಆಸ್ಟ್ರಿಯನ್ ಹಟ್‌ನಲ್ಲಿ. ಅದರ ಹೆಸರಿಗೊಂದು ಹಿನ್ನೆಲೆಯಿದೆ. 1970ರಲ್ಲಿ ಗೆರ್ಟ್ ಯುಡ್‌ಮಾಯರ್ ಎಂಬ ಆಸ್ಟ್ರಿಯಾದ ವೈದ್ಯ ಬಟಿಯಾನ್ ತುದಿಯ ಸಮೀಪ ಬಂಡೆಯೊಂದು ಕಳಚಿ ಬಿದ್ದು ಕಾಲು ಮುರಿದುಕೊಂಡ. ಅವನನ್ನು ಕೆಳಗಿಳಿಸಲು ದಿನಗಳೇ ಹಿಡಿದವು, ಆಸ್ಟ್ರಿಯಾದಿಂದಲೇ ರಕ್ಷಣಾ ತಂಡ ಬರಬೇಕಾಯಿತು, ನೆರವಿಗೆ ಹಾರಿದ ಹೆಲಿಕಾಪ್ಟರ್ ಬಿದ್ದು ಅದರ ಪೈಲಟ್ ಸತ್ತ. ಬದುಕುಳಿದವನ ಕಡೆಯವರ ಕೃತಜ್ಞತೆಯಿಂದ ಎದ್ದದ್ದು ಈ ಹಟ್. ಇದನ್ನು ನನಗೆ ಹೇಳಿದ ಗೈಡ್, ಹೇಳಿ ಮುಗಿಸಿ, ನನ್ನ ಸೊಂಟಪಟ್ಟಿಯ ಗಂಟನ್ನು ಮತ್ತೊಮ್ಮೆ ಕಟ್ಟಿಸಿ ನೋಡಿದ.

ಇವನು ಮೊದಲ ಸಲದ ಗೈಡ್ ಅಲ್ಲ. ಚಾರಣದ ಗೈಡ್ ಬೇರೆ, ಬಂಡೆಯ ಗೈಡ್ ಬೇರೆ. ಇವನು ಒಬ್ಬಿಬ್ಬರಿಗಿಂತ ಹೆಚ್ಚು ಜನರನ್ನು ಹಗ್ಗಕ್ಕೆ ಕಟ್ಟಿಕೊಳ್ಳುವುದಿಲ್ಲ. ಮೊದಲನೆಯವನು ನನ್ನನ್ನು ನಿಧಾನ ಮಾಡಿಸಿದ್ದ, ಇವನು ಬೇಗ ಮಾಡಿಸಲು ನೋಡಿದ. ನಸುಕಿನಲ್ಲಿ ಬೂಟಿನಡಿಗೆ ಕ್ರ್ಯಾಂಪಾನ್ ಎಂಬ ಉಕ್ಕಿನ ಮುಳ್ಳುಗಳನ್ನು ಕಟ್ಟಿಕೊಂಡು ಹಿಮನದಿಯ ಉಳಿಕೆಯನ್ನು ದಾಟಿ, ಐದೂವರೆಗೆ ಬಂಡೆ ಹಿಡಿದೆವು. ಗೋಡೆ ಸುಮಾರು ಇಪ್ಪತ್ತು ಹಗ್ಗದಳತೆಯದು, ಅಂದರೆ ಒಮ್ಮೆಗೆ ಒಂದು ಹಗ್ಗದುದ್ದದೊಳಗೆ ಏರಿ ನಿಲ್ಲುವ ಇಪ್ಪತ್ತು ಹಂತಗಳು. ಒಂದೊಂದನ್ನೇ ಬಿಡಿಸಿ ನೋಡಿದರೆ ರಾಮನಗರದಲ್ಲಿ ಹರಟೆ ಹೊಡೆಯುತ್ತ ಏರುವಂಥದ್ದು. ಐದು ಸಾವಿರ ಮೀಟರಿನಲ್ಲಿ, ಕೈಗವಸು ತೆಗೆದು ಹಾಕಿ, ಬೆನ್ನಿನ ಚೀಲವನ್ನು ಬಿರುಕಿನಿಂದ ಬಿಡಿಸಿಕೊಂಡು, ಪ್ರತಿ ಹಗ್ಗದಳತೆಯ ಕೊನೆಗೆ ಹಣೆಯನ್ನು ಬಂಡೆಗೆ ಒತ್ತಿ ಉಸಿರು ಹುಡುಕುವವನಿಗೆ ಅದು ಬೇರೆಯೇ ಲೆಕ್ಕ. ಸುಮಾರು ಅರ್ಧ ದಾರಿಯಲ್ಲಿರುವ ಬೇಲೀಸ್ ಬಿವಿ ಎಂಬ ತಂಗುತಾಣಕ್ಕೆ ಹನ್ನೆರಡರೊಳಗೆ ಬರದಿದ್ದರೆ ಹಿಂದಿರುಗುವುದೆಂದು ಗೈಡ್ ಮೊದಲೇ ಹೇಳಿದ್ದ. ನಾವು ಬಂದಾಗ ಹನ್ನೆರಡೂವರೆ.

ನಾನು ವಾದಿಸಿದೆ. ಅರ್ಧ ಗಂಟೆ ತಾನೇ ಎಂದೆ. ಅವನು ಬೆರಳು ಮಡಿಚಿ ಎಣಿಸಿದ: ನನ್ನ ವೇಗದಲ್ಲಿ ತುದಿಗೆ ಇನ್ನೂ ಆರು ಗಂಟೆ, ಇಲ್ಲಿ ಏಳು ಗಂಟೆಗೆಲ್ಲ ಕತ್ತಲು, ಸಂಜೆಬೆಳಕು ಎಂಬುದು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನೆಲಿಯಾನ್ ತುದಿಯಲ್ಲಿ ಹೋವೆಲ್ ಹಟ್ ಎಂಬ ತಗಡಿನ ಪುಟ್ಟ ಗೂಡಿದೆ, ಆದರೆ ಅಲ್ಲಿ ಇರುಳು ಕಳೆಯಲು ಬೇಕಾದ ಮಲಗುಚೀಲಗಳನ್ನು ಹಗುರಾಗಿರಲೆಂದು ನಾನೇ ಕೆಳಗೆ ಬಿಡಿಸಿದ್ದೆ. ಅಷ್ಟರಲ್ಲಿ ಕಣಿವೆಯಿಂದ ಮೋಡ ಏರಿ ಬಂತು. ಎದುರಿಗೆ ಲೆನಾನಾ, ಹೆಚ್ಚುಕಡಿಮೆ ನಮ್ಮ ಕಣ್ಣಿನ ಮಟ್ಟದಲ್ಲೇ, ಒಂದು ಗಳಿಗೆ ಕಂಡು ಮರೆಯಾಯಿತು. ಹಗ್ಗದಲ್ಲಿ ಜಾರುತ್ತ, ಹಗ್ಗ ಎಳೆದುಕೊಳ್ಳುತ್ತ, ಮತ್ತೆ ಜಾರುತ್ತ ಇಳಿದೆವು. ಕೊನೆಯ ಎರಡು ಬಾರಿ ಆಲಿಕಲ್ಲು ಬೀಳುತ್ತಿತ್ತು, ಹಗ್ಗ ನೆನೆದು ಬೆತ್ತದಂತೆ ಬಿರುಸಾಗಿತ್ತು.

ಹಾಗಾಗಿ ಪಂಕ್ತಿಯಲ್ಲಿ ಕೇಳಿದವರಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು: ನಡೆದು ಹೋಗುವವರ ತುದಿಯನ್ನು ಮುಟ್ಟಿದ್ದೇನೆ, ಪರ್ವತದ ತುದಿಯನ್ನು ಮುಟ್ಟಿಲ್ಲ. ಹೋಗಬೇಕೆಂದು ಕೇಳುವವರಿಗಾದರೆ ಮಾತು ಬೇರೆ. ನಡೆಯುವವರು ಐದು ದಿನಗಳಿಗಿಂತ ಕಡಿಮೆಯದನ್ನು ಎಷ್ಟು ಅಗ್ಗವಾದರೂ ಒಪ್ಪಬಾರದು, ಜನವರಿ ಫೆಬ್ರವರಿಯಲ್ಲೋ ಮಳೆ ತಗ್ಗಿರುವ ಆಗಸ್ಟ್ ಸೆಪ್ಟೆಂಬರಿನಲ್ಲೋ ಹೋಗಬೇಕು. ಯೆಲ್ಲೋ ಫೀವರ್ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಪರ್ವತ ಬಿಟ್ಟರೂ ಮರಳಿ ಬಂದಾಗ ನಮ್ಮ ವಿಮಾನ ನಿಲ್ದಾಣ ಬಿಡುವುದಿಲ್ಲ. ಬಂಡೆ ಏರುವವರು ದುಡ್ಡು ಕಟ್ಟುವ ಮೊದಲು, ತಮ್ಮನ್ನು ಹಗ್ಗಕ್ಕೆ ಕಟ್ಟಿಕೊಳ್ಳುವ ವ್ಯಕ್ತಿ ನೆಲಿಯಾನ್ ಎಷ್ಟು ಬಾರಿ ಏರಿದ್ದಾನೆ ಎಂದು ನೇರವಾಗಿ ಕೇಳಬೇಕು. ಲೆನಾನಾಕ್ಕೆ ನೂರು ಬಾರಿ ಹೋದವನೆಂಬುದು ಆ ಪ್ರಶ್ನೆಗೆ ಉತ್ತರವಲ್ಲ. ರಾಮನಗರದ ಹುಡುಗರಿಗೆ ನಾನು ಹೇಳುವುದು ಇನ್ನೊಂದು: ಒಂದೇ ಹಗ್ಗದಳತೆಯ ಕಷ್ಟದ ದಾರಿಗಳನ್ನು ಬಿಟ್ಟು ಸಾವನದುರ್ಗಕ್ಕೆ ಹೋಗಿ, ಬೆನ್ನಿಗೆ ಚೀಲ ಹಾಕಿಕೊಂಡು, ಸುಲಭದ ಉದ್ದ ದಾರಿಗಳನ್ನು ಗಡಿಯಾರ ನೋಡುತ್ತ ಏರಿ. ನಾನೂ ಈಗ ವಾರಕ್ಕೊಮ್ಮೆ ಅದನ್ನೇ ಮಾಡುತ್ತಿದ್ದೇನೆ. ನೆಲಿಯಾನ್ ಮೇಲೆ ಒಂದೊಂದು ಹಗ್ಗದಳತೆಗೆ ನನಗೆ ನಲವತ್ತು ನಿಮಿಷ ಹಿಡಿದಿತ್ತು. ಅದು ಇಪ್ಪತ್ತೈದಕ್ಕೆ ಇಳಿಯುವವರೆಗೆ ಟಿಕೆಟ್ ತೆಗೆಸುವುದಿಲ್ಲ.