ತಿವಿಗತ್ತಿಯನ್ನು ದಾಖಲಿಸುವ ಮುನ್ನ

ಇಂಗ್ಲೆಂಡಿನ ಒಂದು ವಸ್ತುಸಂಗ್ರಹಾಲಯದಲ್ಲಿ ಮಧ್ಯಯುಗದ ಆಯುಧಗಳ ದಾಖಲಾತಿ ಮಾಡುವುದು ನನ್ನ ಉದ್ಯೋಗ. ಯಾವುದೇ ಕತ್ತಿಯನ್ನು ‘ಟೂರ್ನಮೆಂಟಿನದು’, ಅಂದರೆ ಕವಚಧಾರಿ ಸರದಾರರ ಪಂದ್ಯಕಾಳಗದ್ದು, ಎಂದು ಬರೆಯುವ ಮೊದಲು, ಅದಕ್ಕೆ ಯಾವ ಬಗೆಯ ಕಾಳಗದಲ್ಲಿ ಅನುಮತಿಯಿತ್ತು ಎಂದು ವಿಚಾರಿಸಬೇಕೆಂಬುದನ್ನು ಎಸ್ಟಾಕ್ ಎಂಬ ತಿವಿಗತ್ತಿಯೇ ನನಗೆ ಕಲಿಸಿತು.

ಕೈಗವಸು ತೊಟ್ಟು ಎಸ್ಟಾಕನ್ನು ಎತ್ತಿಕೊಂಡು ನೋಡಿದರೆ, ಅಲಗಿಗೆ ಕಡಿಯಲು ಬರುವಂಥ ಬಾಯಿಯೇ ಇರುವುದಿಲ್ಲ. ಅಡ್ಡಕೊಯ್ತದಲ್ಲಿ ತ್ರಿಕೋನವಾಗಿಯೋ ವಜ್ರಾಕಾರವಾಗಿಯೋ ಕಾಣುವ ಗಡುಸಾದ ಉಕ್ಕು, ಬುಡದಿಂದ ಕಿರಿದಾಗುತ್ತ ಹೋಗಿ ಚೂಪಾದ ಮೊನೆಯಲ್ಲಿ ಮುಗಿಯುತ್ತದೆ. ತಗಡಿನ ಕವಚ ಮೈತುಂಬ ಆವರಿಸಿದ ಮೇಲೆ ಕಡಿಯುವ ಏಟಿಗೆ ಬೆಲೆಯಿಲ್ಲದಾಗಿ, ಕಂಕುಳು, ಮೊಣಕೈಯ ಒಳಮಗ್ಗುಲು, ಮುಖಗವಚದ ಸೀಳು ಮುಂತಾದ ಸಂದುಗಳಲ್ಲಿ ಬಾಗದೆ ನುಗ್ಗುವ ಅಲಗು ಬೇಕಾಯಿತು. ಇಟಲಿಯ ಕತ್ತಿವರಸೆಯ ಗುರು ಫಿಯೋರೆ ದೇ ಲಿಬೇರಿ 1410ರ ಸುಮಾರಿಗೆ ರಚಿಸಿದ ಕೈಪಿಡಿಯ ಚಿತ್ರಗಳಲ್ಲಿ, ಕವಚಧಾರಿಗಳು ಎಡಗೈಯಿಂದ ಅಲಗಿನ ನಡುವನ್ನೇ ಹಿಡಿದು ಮೊನೆಯನ್ನು ಗುರಿಗೆ ಒಯ್ಯುವುದನ್ನು ಕಾಣಬಹುದು.

ಆದರೆ ಗುಂಪುಕಾಳಗದ ಟೂರ್ನಮೆಂಟಿನಲ್ಲಿ ಇಂಥ ಮೊನೆಗೆ ಪ್ರವೇಶವಿರಲಿಲ್ಲ. ಇಂಗ್ಲೆಂಡಿನ ಟೂರ್ನಮೆಂಟ್ ಶಾಸನ 13ನೇ ಶತಮಾನದ ಕೊನೆಯಲ್ಲೇ ಮೊನೆಗತ್ತಿಯನ್ನು ನಿಷೇಧಿಸಿತ್ತು. ಫ್ರಾನ್ಸಿನ ಆಂಜೂ ಪ್ರಾಂತದ ಡ್ಯೂಕ್ ರೆನೆ 1460ರ ಸುಮಾರಿಗೆ ಬರೆದ ಟೂರ್ನಮೆಂಟ್ ಗ್ರಂಥವಂತೂ ಅಳತೆಯನ್ನೇ ಗೊತ್ತುಪಡಿಸುತ್ತದೆ: ಶಿರಸ್ತ್ರಾಣದ ಕಣ್ಸೀಳಿನೊಳಗೆ ತೂರದಂತೆ ಅಲಗು ನಾಲ್ಕು ಬೆರಳು ಅಗಲವಿರಬೇಕು, ಅದರ ಬಾಯಿ ಒಂದು ಬೆರಳು ದಪ್ಪವಿರಬೇಕು. ತಿವಿಯುವುದಿಲ್ಲ, ಸೊಂಟದ ಕೆಳಗೆ ಹೊಡೆಯುವುದಿಲ್ಲ ಎಂದು ಸ್ಪರ್ಧಿಗಳು ಪ್ರಮಾಣ ಮಾಡಬೇಕಿತ್ತು. ಎದುರಾಳಿಯ ಕಣ್ಣಿನ ಬಗ್ಗೆ ಇಷ್ಟು ಕಾಳಜಿ ವಹಿಸಿದ ನಿಯಮವನ್ನು ಓದಿದಾಗಲೆಲ್ಲ ನನಗೆ ಆ ಕಾಲದವರ ಮೇಲೆ ಗೌರವ ಹೆಚ್ಚುತ್ತದೆ.

ತಿವಿಗತ್ತಿಗೆ ಅವಕಾಶವಿದ್ದುದು ಇಬ್ಬರೇ ನೆಲದ ಮೇಲೆ ನಿಂತು, ಏಟುಗಳ ಸಂಖ್ಯೆಯನ್ನು ಮೊದಲೇ ಒಪ್ಪಿಕೊಂಡು ಸೆಣಸುವ ಕಾಳಗದಲ್ಲಿ. ಬರ್ಗಂಡಿಯ ಡ್ಯೂಕನ ಸೇವೆಯಲ್ಲಿದ್ದ ಸರದಾರ ಜಾಕ್ ದ ಲಲೇನ್ 1449–50ರಲ್ಲಿ ಶಾಲೋನ್-ಸುರ್-ಸೋನ್ ಬಳಿ ಹೂಡಿದ ಪಂಥದಲ್ಲಿ ಸವಾಲು ಹಾಕುವವರು ಅಲ್ಲಿದ್ದ ಮೂರು ಗುರಾಣಿಗಳಲ್ಲಿ ಬಿಳಿಯದನ್ನು ಮುಟ್ಟಿಸಿದರೆ ಕಾಳಗದ ಆಯುಧ ಕೊಡಲಿ, ನೇರಳೆಯದಾದರೆ ಕತ್ತಿ, ಕಪ್ಪಾದರೆ ಈಟಿ ಎಂದು ಗೊತ್ತಾಗುತ್ತಿತ್ತು. ಇಂಥ ಕಾಳಗಗಳಲ್ಲಿ ತೀರ್ಪುಗಾರ ಕೈಯಲ್ಲಿನ ದಂಡವನ್ನು ಕೆಳಗೆಸೆದರೆ ಇಬ್ಬರೂ ನಿಲ್ಲಿಸಲೇಬೇಕಿತ್ತು.

ಆದ್ದರಿಂದ ನಾನು ದಾಖಲೆಯಲ್ಲಿ ಮೊದಲು ಅಲಗಿನ ಅಗಲ, ಬಾಯಿಯ ದಪ್ಪ, ಮೊನೆಯ ಸ್ಥಿತಿಯನ್ನು ಬರೆಯುತ್ತೇನೆ. ಎಸ್ಟಾಕ್ ಯುದ್ಧದಲ್ಲೂ ಬಳಕೆಯಲ್ಲಿದ್ದುದರಿಂದ, ಉಪಯೋಗದ ಅಂಕಣದಲ್ಲಿ ‘ಯುದ್ಧ ಅಥವಾ ಕವಚಧಾರಿಗಳ ದ್ವಂದ್ವ’ ಎಂದಷ್ಟೇ ನಮೂದಿಸಿ, ಗುಂಪುಕಾಳಗದ ಚಿತ್ರದ ಪಕ್ಕದಲ್ಲಿ ಅದನ್ನು ಇಡಬಾರದೆಂದು ಪ್ರದರ್ಶನ ವಿಭಾಗದವರಿಗೆ ಟಿಪ್ಪಣಿ ಕಳುಹಿಸುತ್ತೇನೆ.